ಹೊಳೆಗೆ ಬಿಟ್ಟ ಮಾಳ

ಅಡುಗೆಮನೆಯಲ್ಲಿ ಬಂಗಡೆ ಹುರಿಯುವ ವಾಸನೆ ಬರುತ್ತಿದೆ. ಪಡಸಾಲೆ ದಾಟಿ, ನಾನು ಕೂತಿರುವ ಜಗಲಿಗೂ ಬಂತು. ಕಾರವಾರದಲ್ಲಿ ಮಧ್ಯಾಹ್ನದ ಹೊತ್ತು ಇದೂ ಒಂದು ಸುದ್ದಿಯೇ ಎಂದು ನೀವು ನಕ್ಕೀರಿ. ಸುದ್ದಿ ಇಷ್ಟೇ: ವಾಸನೆ ಬರುತ್ತಿರುವುದು ಪಕ್ಕದ ಮನೆಯಿಂದಲ್ಲ, ನಾನಿರುವ ಮನೆಯಿಂದ. ಹುರಿಯುತ್ತಿರುವವಳು ನನ್ನ ಮಗಳು ಸುಮತಿ. ನನ್ನ ಕೊರಳಲ್ಲಿ ತುಳಸಿಮಣಿಯ ಮಾಲೆ ಇದೆ.

ಈ ಮಾಲೆಗೆ ನಮ್ಮ ಕಡೆ ಮಾಳ ಎನ್ನುತ್ತಾರೆ. ಪಂಢರಪುರದ ವಿಠೋಬನ ಹೆಸರಿನಲ್ಲಿ ಒಮ್ಮೆ ಹಾಕಿಕೊಂಡರೆ ಮುಗಿಯಿತು, ಸಾಯುವ ತನಕ ತೆಗೆಯುವಂತಿಲ್ಲ. ಹಾಕಿಕೊಂಡವನು ಮಾಳಕರಿ. ಅವನಿಗೆ ಮೀನಿಲ್ಲ, ಮಾಂಸವಿಲ್ಲ, ಹೆಂಡವಿಲ್ಲ. ಘಟ್ಟದ ಮೇಲಿನವರಿಗೆ ಇದರಲ್ಲೇನೂ ದೊಡ್ಡದು ಕಾಣಲಿಕ್ಕಿಲ್ಲ. ಸಮುದ್ರದ ದಂಡೆಯಲ್ಲಿ ಹುಟ್ಟಿ, ಬೆಳಗಾದರೆ ಮೀನಿನ ಬುಟ್ಟಿ ಹೊತ್ತವರ ಕೂಗು ಕೇಳುತ್ತ ಮೀನು ಬಿಡುವುದೆಂದರೆ ಏನೆಂದು ಬಿಟ್ಟವರೇ ಹೇಳಬೇಕು. ನನ್ನ ಅಜ್ಜ ಬಿಟ್ಟಿದ್ದ, ಅಪ್ಪ ಬಿಟ್ಟಿದ್ದ, ಹಾಗಾಗಿ ನಾನು ಬಿಡುವ ಪ್ರಶ್ನೆಯೇ ಬರಲಿಲ್ಲ, ಹಿಡಿದೇ ಇರಲಿಲ್ಲ. ತಿನ್ನದವನ ಮೂಗು ಮಾತ್ರ ತಿನ್ನುವವನ ಮೂಗಿಗಿಂತ ಚುರುಕು. ಗಾಳಿ ಯಾವ ಕಡೆಯಿಂದ ಬಂದರೂ ಇದು ಬಂಗಡೆ, ಇದು ತಾರ್ಲೆ ಎಂದು ಹೇಳಬಲ್ಲೆ. ಇಂಥ ಪಾಂಡಿತ್ಯ ಯಾವ ಪುಣ್ಯಕ್ಕೆ ಎಂದು ನಮ್ಮವಳು ಕೇಳುತ್ತಿದ್ದಳು.

ನಾನು ಮೆಟ್ರಿಕ್ ಮುಗಿಸಿ ಬಸ್ಸಿನ ಇಲಾಖೆ ಸೇರಿದವನು. ಕೊನೆಯ ವರ್ಷಗಳಲ್ಲಿ ಅಂಕೋಲೆಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಯಲ್ಲಾಪುರದ ಬಸ್ಸು ಎಷ್ಟು ಹೊತ್ತಿಗೆ ಬಂತು, ಕಾರವಾರದ ಬಸ್ಸು ಯಾಕೆ ತಡ ಎಂದು ಬರೆದುಕೊಳ್ಳುವ, ಸೀಟಿ ಊದುವ ಕೆಲಸ. ಮನೆಯಲ್ಲೂ ಅದೇ ಸೀಟಿ. ಏಕಾದಶಿ ಉಪವಾಸ, ಸಂಜೆ ಹರಿಪಾಠದ ಅಭಂಗ ಒಪ್ಪಿಸುವುದು, ಹೊರಗಿನದು ತಿನ್ನಬಾರದು, ಯಾರ ಮನೆಯಲ್ಲೂ ನೀರು ಸಹ ಕುಡಿಯಬಾರದು. ಮೊದಲು ಇಷ್ಟೊಂದು ಬಿಗಿ ಇರಲಿಲ್ಲವೆಂದೇ ನೆನಪು. ಚೆಂಡಿಯಾದ ಕಡೆ ನಮ್ಮ ಗದ್ದೆ ಮನೆ ಎಲ್ಲ ನೌಕಾನೆಲೆಗೆ ಹೋಗಿ, ಅಂಕೋಲೆಯ ಹತ್ತಿರದ ಪುನರ್ವಸತಿ ಕಾಲೊನಿಗೆ ಬಂದು ಬಿದ್ದ ಮೇಲೆ ಹೆಚ್ಚಾಯಿತು. ತೆಂಗಿನಮರ ಹೋಯಿತು, ಬಾವಿ ಹೋಯಿತು. ಯಾರೂ ಸ್ವಾಧೀನ ಮಾಡಿಕೊಳ್ಳಲಾಗದ್ದು ನಿಯಮವೊಂದೇ ಎಂದು ಅದಕ್ಕೆ ಬೇಲಿ ಹಾಕುತ್ತ ಕೂತೆ. ಬೇಲಿಯ ಒಳಗೆ ಇದ್ದದ್ದು ಹೆಂಡತಿ, ಮಗಳು.

ಈಗ ಹೇಳಲು ನಾಚಿಕೆಯಾಗುವ ಮಾತು. ಸುಮತಿ ಶಾಲೆಯಿಂದಲೋ ಗೆಳತಿಯ ಮನೆಯಿಂದಲೋ ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ “ಬಾಯಿ ತೆಗೆ” ಎನ್ನುತ್ತಿದ್ದೆ. ಬಗ್ಗಿ ಮೂಸುತ್ತಿದ್ದೆ. ಮಗು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದು ನಿಲ್ಲುತ್ತಿತ್ತು. ಕಣ್ಣು ಯಾಕೆ ಮುಚ್ಚುತ್ತಾಳೆ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಅವಳು ನರ್ಸಿಂಗ್ ಓದಿ ಕಾರವಾರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಆಪರೇಶನ್ ಕೋಣೆಗೆ ಕೊರಳಲ್ಲಿ ಏನೂ ಹಾಕಿಕೊಂಡು ಹೋಗುವಂತಿಲ್ಲವಂತೆ. ಚಿಕ್ಕಂದಿನಲ್ಲೇ ನಾನು ಹಾಕಿಸಿದ್ದ ಮಾಳ ತೆಗೆದಿಟ್ಟು ಹೋಗುತ್ತಾಳೆ, ಬಂದು ಹಾಕಿಕೊಳ್ಳುತ್ತಾಳೆ ಎಂಬುದು ಹೇಗೋ ನನಗೆ ತಿಳಿಯಿತು. ರಜೆಗೆ ಮನೆಗೆ ಬಂದ ದಿನ ಹೊಸ್ತಿಲಿಗೆ ಅಡ್ಡ ನಿಂತೆ. ಕೆಲಸ ಮಾಡಿ ಸಂಬಳ ತರುವ ಹೆಂಗಸು, ಭುಜದ ಮೇಲೆ ಬ್ಯಾಗು. ಅವಳಿಗೆ ನಾನು ಹೇಳಿದ್ದು ಅದೇ ಎರಡು ಮಾತು. ನಮ್ಮವಳು ಒಳಗಿನಿಂದ ಬೇಡ ಬೇಡ ಎನ್ನುತ್ತ ಬಂದಳು. ಸುಮತಿ ಈ ಸಲ ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತ ಬಾಯಿ ತೆರೆದಳು.

“ಬಂಗ್ಡೆ ಅಪ್ಪಾ,” ಎಂದಳು. “ನೀ ಮೂಸೂದು ಬೇಡ, ನಾನೇ ಹೇಳ್ತೆ. ವಿಠೋಬ ನಂಗೆ ಬೇಡ ಅಂತ ಅಲ್ಲ. ನಿನ್ನ ಕಾಯ್ದೆ ನಂಗೆ ಆಗೂದಿಲ್ಲ.”

ಮಾಳ ತೆಗೆದು ತುಳಸಿಕಟ್ಟೆಯ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಹಾಗೆಯೇ ತಿರುಗಿ ಹೋದಳು.

ಮಾಳಕರಿ ಸತ್ತರೆ ಅವನ ಮಾಳವನ್ನು ಹರಿಯುವ ನೀರಿಗೆ ಬಿಟ್ಟು, ಮುಳುಗೆದ್ದು, ಒದ್ದೆ ಬಟ್ಟೆಯಲ್ಲಿ ಮನೆಗೆ ಬರುವುದು ನಮ್ಮ ಮನೆತನದ ಪದ್ಧತಿ. ಮರುದಿನ ಬೆಳಿಗ್ಗೆ ಮಗಳ ಮಾಳವನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಯಲ್ಲಾಪುರದ ಬಸ್ಸು ಹತ್ತಿದೆ. ಸಮುದ್ರ ಹತ್ತಿರವೇ ಇತ್ತು, ಆದರೆ ಸಮುದ್ರಕ್ಕೆ ಬಿಟ್ಟದ್ದನ್ನು ತೆರೆ ಮತ್ತೆ ದಂಡೆಗೆ ತಂದು ಹಾಕುತ್ತದೆ. ನನಗೆ ಅದು ವಾಪಸು ಬರುವುದು ಬೇಡವಾಗಿತ್ತು. ರಾಮನಗುಳಿಯಲ್ಲಿ ಇಳಿದು, ಗಂಗಾವಳಿ ಹೊಳೆಗೆ ಹೋಗಿ, ಬಿಟ್ಟು, ಮುಳುಗಿದೆ. ಗಂಗಾವಳಿಯೂ ಕೊನೆಗೆ ಸಮುದ್ರಕ್ಕೇ ಹೋಗುತ್ತದೆ ಎಂಬಷ್ಟು ಭೂಗೋಳ ಮೆಟ್ರಿಕ್ ಓದಿದವನಿಗೆ ಆಗ ನೆನಪಾಗಲಿಲ್ಲ.

ತಿರುಗಿ ಬರುವ ಬಸ್ಸಿನ ಕಂಡಕ್ಟರ್ ನನ್ನ ಗುರುತಿನವನು. ಒದ್ದೆ ಪಂಚೆ ನೋಡಿ, ಮುಂದಿನ ಸೀಟಿನವರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ. ಸಣ್ಣ ದನಿಯಲ್ಲಿ ಕೇಳಿದ: “ಯಾರು ಹೋದ್ರು ಕಂಟ್ರೋಲರೇ?”

“ನಮ್ಮ ಪೈಕಿಯವರೇ ಒಬ್ರು,” ಎಂದೆ.

ಅವನು ಅಯ್ಯೋ ಪಾಪ ಎಂದ. ಆ ಪಾಪ ಯಾರಿಗೆ ಸೇರಿತೋ ತಿಳಿಯದು. ಮನೆಗೆ ಬಂದಾಗ ನಮ್ಮವಳು ಬಾಗಿಲಲ್ಲಿದ್ದಳು. ಖಾಲಿ ತುಳಸಿಕಟ್ಟೆ ನೋಡಿದಳು, ನನ್ನ ಮೈಯಿಂದ ಸೋರುವ ನೀರು ನೋಡಿದಳು. ನನ್ನ ಮಟ್ಟಿಗೆ ಮಗಳು ಮುಗಿದಿದ್ದಳು. ಕೇಳಿದವರಿಗೆ ಕಾರವಾರದಲ್ಲಿ ಎಲ್ಲೋ ಇದ್ದಾಳೆ ಎನ್ನುತ್ತಿದ್ದೆ. ಎಲ್ಲಿ ಎಂದು ತಿಳಿದುಕೊಳ್ಳಲು ಹೋಗಲಿಲ್ಲ.

ಕೆಲವು ವರ್ಷ ಹೀಗೇ ಹೋಯಿತು. ನಮ್ಮ ಭಜನಾ ಮಂಡಳಿಯ ಹಿರಿಯ ಮಾಜಾಳಿಯ ಪುರ್ಸು ಬುವಾ. ಅವನ ಮನೆಯೆಲ್ಲ ಮೀನುಗಾರರು. ಅವನೂ ಮಕ್ಕಳ ಜೊತೆ ಬಲೆ ಎಳೆಯುತ್ತಿದ್ದ, ಎಳೆದದ್ದನ್ನು ತಿನ್ನುತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ಎರಡು ಒಲೆ. ಇಂಥವನು ಎಂಥ ಮಾಳಕರಿ ಎಂದು ನಾನು ಒಳಗೊಳಗೇ ಅವನನ್ನು ಒಂದು ಮೆಟ್ಟಿಲು ಕೆಳಗೆ ಇಟ್ಟಿದ್ದೆ. ಅವನ ಮನೆಯ ಭಜನೆ ತಪ್ಪಿಸಲು ನನಗೆ ಯಾವಾಗಲೂ ಒಂದು ಡ್ಯೂಟಿ ಸಿಗುತ್ತಿತ್ತು. ನಮ್ಮವಳು ಮಾತ್ರ ತಪ್ಪದೆ ಹೋಗುತ್ತಿದ್ದಳು. ನಿವೃತ್ತಿಯಾದ ಮೇಲೆ ಡ್ಯೂಟಿಯ ನೆಪ ಉಳಿಯಲಿಲ್ಲ. ಆ ವರ್ಷದ ಆಷಾಢ ಏಕಾದಶಿಗೆ ನಾನೂ ಅವಳ ಜೊತೆ ಹೊರಟೆ. ಬಸ್ಸಿನಲ್ಲಿ ಅವಳು ಒಂದೇ ಒಂದು ಮಾತಾಡಲಿಲ್ಲ. ಉಪವಾಸಕ್ಕೆ ಸುಸ್ತಾಗಿದೆ ಎಂದುಕೊಂಡೆ.

ಭಜನೆಗೆ ಮೊದಲು ನಮ್ಮಲ್ಲಿ ಪಾಯ ಪಡುವುದು ಎಂದಿದೆ. ನೆರೆದವರೆಲ್ಲ ಸುತ್ತು ನಿಂತು ಒಬ್ಬರ ಕಾಲನ್ನು ಒಬ್ಬರು ಮುಟ್ಟುತ್ತ ಹೋಗುವುದು. ಹಿರಿಯರು ಕಿರಿಯರು, ಗಂಡಸು ಹೆಂಗಸು ಎಂಬುದಿಲ್ಲ. ಅಜ್ಜ ಮೊಮ್ಮಗನ ಕಾಲು ಮುಟ್ಟುತ್ತಾನೆ. ಎದುರಿನವರಲ್ಲಿ ದೇವರಿದ್ದಾನೆ ಎಂಬ ಲೆಕ್ಕ, ಆದ್ದರಿಂದ ಯಾರನ್ನೂ ಬಿಡುವಂತಿಲ್ಲ. ನಾನೂ ಬಗ್ಗುತ್ತ ಏಳುತ್ತ ಬಂದೆ. ಮುಂದಿನ ಜೋಡಿ ಕಾಲಿಗೆ ಕೈ ಚಾಚಿದೆ. ಎಡಗಾಲಿನ ಕಿರುಬೆರಳಿನ ಮೇಲೆ ಸುಟ್ಟ ಕಲೆ. ಸಣ್ಣವಳಿದ್ದಾಗ ಬಚ್ಚಲ ಒಲೆಯ ಕೆಂಡ ಬಿದ್ದದ್ದು.

ತಲೆ ಎತ್ತಿದೆ. ಸುಮತಿ ನಿಂತಿದ್ದಳು. ತಲೆಯಲ್ಲಿ ಅಬ್ಬಲಿಗೆ ಹೂ, ಕೈಯಲ್ಲಿ ತಾಳ, ಕೊರಳು ಬರಿದು.

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಅವಳು ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು, ನಾನು ಕಾಲು ಹಿಂದೆ ಎಳೆದುಕೊಂಡೆ. ಸುತ್ತಲಿನ ಯಾರ ಮುಖದಲ್ಲೂ ಆಶ್ಚರ್ಯವಿಲ್ಲ. ಅದು ನನ್ನನ್ನು ಇನ್ನೂ ಹೆದರಿಸಿತು. ಇವರಿಗೆಲ್ಲ ಗೊತ್ತಿತ್ತು. ಇವಳು ಇಲ್ಲಿ ಹೊಸಬಳಲ್ಲ. ನನ್ನಂತೆಯೇ ಮಾಳ ಹಾಕಿದವರೆಲ್ಲ ಆಗಷ್ಟೇ ಅವಳ ಕಾಲು ಮುಟ್ಟಿ ಮುಂದೆ ಹೋಗಿದ್ದರು. ಇವಳ ಕೊರಳು ನಿಮಗೆ ಕಾಣುವುದಿಲ್ಲವೇ ಎಂದು ನಾನು ಏನೋ ತೊದಲಿರಬೇಕು. ಪುರ್ಸು ಬುವಾ ಜೋರು ಮಾಡಲಿಲ್ಲ.

“ಅರೆ ಭಾವಾ, ಮಾಳ ನೋಡಿ ಪಾಯ ಪಡೂದಾದ್ರೆ ಗೂಟಕ್ಕೊಂದು ಮಾಳ ಹಾಕಿ ಅದ್ಕೇ ಪಡು. ಮನ್ಷರಿಗೆ ಯಾವಾಗ ಪಡ್ತೀ?”

ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ನಮ್ಮವಳು ಹಿಂದೆ ಬರುತ್ತಾಳೆಂದು ಬೇಲಿಯ ದಣಪೆಯ ಹತ್ತಿರ ನಿಂತೆ. ಅವಳು ಬರಲಿಲ್ಲ. ಒಳಗೆ ಭಜನೆ ಶುರುವಾಯಿತು, ಮಳೆಯಲ್ಲಿ ಮಗಳ ದನಿ ಕೇಳಿತು. ಅಷ್ಟು ಚೆನ್ನಾಗಿ ಹಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹಾಡಿದ್ದೇ ಇಲ್ಲ, ಒಪ್ಪಿಸುತ್ತಿದ್ದಳು, ಅಷ್ಟೇ.

ಮರುದಿನ ನಮ್ಮವಳು ಬಂದು, ಚೀಲ ಕೆಳಗಿಡುವ ಮೊದಲೇ ಎಲ್ಲ ಹೇಳಿದಳು. ಮನೆ ಬಿಟ್ಟವಳನ್ನು ಮೊದಲು ಕರೆದುಕೊಂಡು ಹೋದದ್ದು ಬುವಾನ ಹೆಂಡತಿಯಂತೆ. ಅವರ ಮನೆಯಲ್ಲೇ ಇದ್ದು ಆಸ್ಪತ್ರೆಗೆ ಹೋಗಿ ಬರುತ್ತಿದ್ದಳಂತೆ. ಈಚೆಗೆ ಕಾರವಾರದಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದಾಳೆ. ಮಂಡಳಿಯವರು ಒಬ್ಬರಲ್ಲ ಒಬ್ಬರು ಅಕ್ಕಿಯೋ ಕಾಯಿಯೋ ಹಿಡಿದುಕೊಂಡು ನೋಡಲು ಹೋಗುತ್ತಾರೆ. ಯಾಕೆಂದರೆ ಅವರ ಮನೆಗಳಲ್ಲೂ ಮಾಳ ತೆಗೆದಿಟ್ಟ ಮಕ್ಕಳಿದ್ದಾರೆ. ಯಾರೂ ಹೊಳೆಗೆ ಬಿಟ್ಟಿಲ್ಲ. ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ.

ಆಮೇಲೆ ಹೇಳಿದ್ದು ಇದು. ನಾನು ರಾಮನಗುಳಿಗೆ ಹೋಗಿ ಬಂದ ಕೆಲವೇ ದಿನಗಳಲ್ಲಿ, ನಾನು ಡ್ಯೂಟಿಯಲ್ಲಿದ್ದಾಗ, ಸುಮತಿ ಮನೆಗೆ ಬಂದಿದ್ದಳಂತೆ. ಮಾಳ ಕೇಳಲು. “ಕೊರಳಿಗೆ ಅಲ್ಲ ಅವ್ವಿ, ಪೆಟ್ಗೇಲಿ ಇಟ್ಕಳ್ತೆ,” ಎಂದಳಂತೆ. ತಾಯಿಯಾದವಳು ಅದನ್ನು ನೀರಿಗೆ ಬಿಟ್ಟಾಯಿತು ಎಂದು ತನ್ನ ಬಾಯಿಂದಲೇ ಮಗಳಿಗೆ ಹೇಳಬೇಕಾಯಿತು. ಯಾವಾಗ ನೀರಿಗೆ ಬಿಡುತ್ತಾರೆ ಎಂಬುದು ಮಗಳಿಗೆ ಗೊತ್ತಿತ್ತಲ್ಲ.

ಬದುಕಿದ್ದವಳಿಗೆ ತಾನು ಸತ್ತ ಸುದ್ದಿ ಮುಟ್ಟಿಸಿದ್ದೆ, ಅದೂ ಹೆತ್ತವಳ ಕೈಯಿಂದ.

ಮಾಜಾಳಿಗೆ ಹೋದೆ. ಬುವಾ ದಂಡೆಯಲ್ಲಿ ಕೂತು ಬಲೆಯ ಹರಕು ಕಟ್ಟುತ್ತಿದ್ದ. ಹೀಗೆ ಮಾಡಿದ್ದನ್ನು ತಿರುಗಿಸಲು ಏನು ಶಾಸ್ತ್ರ, ಏನು ಪ್ರಾಯಶ್ಚಿತ್ತ ಎಂದು ಕೇಳಿದೆ. ಪಂಢರಪುರಕ್ಕೆ ನಡೆದು ಹೋಗು ಎಂದಿದ್ದರೂ ಹೋಗುತ್ತಿದ್ದೆ. ಹಾಗೆ ಹೇಳಲಿ ಎಂಬ ಆಸೆಯೂ ಇತ್ತು, ನಡೆಯುವುದು ಸುಲಭ. ಅವನು ದಾರ ಹಲ್ಲಿನಲ್ಲಿ ಕಡಿದು ಹೇಳಿದ:

“ಸತ್ತವ್ರನ್ನ ಎಬ್ಸೂ ಶಾಸ್ತ್ರ ನಮ್ಮತ್ರ ಇಲ್ಲ ಭಾವಾ. ಅವ್ಳು ಸತ್ತಿಲ್ಲ, ಕೆಲಸಕ್ಕೆ ಹೋಗ್ಯಾಳೆ. ಸಂಜೆ ಬತ್ತಾಳೆ. ಹೋಗಿ ಅವ್ಳ ಮನೇಲಿ ಉಣ್ಣು.”

ಮೀನು ಬೇಯಿಸಿದ ಪಾತ್ರೆಯಲ್ಲಿ ಉಣ್ಣಬೇಕಲ್ಲ ಎಂಬುದು ಗಂಟಲಿಗೆ ಬಂತು, ನುಂಗಿದೆ. ಅದೇ ಪ್ರಾಯಶ್ಚಿತ್ತ ಎಂದುಕೊಂಡೆ. ಸಂಜೆ ಅವಳ ಕೋಣೆಯ ಬಾಗಿಲು ತಟ್ಟಿದಾಗ ನಾನು ಬಲಿಗೆ ಹೊರಟವನ ಹಾಗೆ ನಿಂತಿದ್ದಿರಬೇಕು. ಏನು ಹೇಳಬೇಕೆಂದು ತಿಳಿಯದೆ ಹಸಿವಾಗಿದೆ ಎಂದೆ.

ಸುಮತಿ ಬಾಗಿಲಿನಿಂದ ಸರಿದು ಜಾಗ ಬಿಟ್ಟಳು. ಒಳಗೆ ಹೋಗಿ ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಬಟ್ಟೆಯ ಗಂಟೊಂದನ್ನು ಇಳಿಸಿದಳು. ಬಿಚ್ಚಿದರೆ ಒಂದು ಅನ್ನದ ಪಾತ್ರೆ, ಒಂದು ತಟ್ಟೆ, ಒಂದು ಲೋಟ, ಒಂದು ಸೌಟು. ಅಂಗಡಿಯ ಚೀಟಿ ಇನ್ನೂ ತಟ್ಟೆಗೆ ಅಂಟಿತ್ತು.

“ಇದ್ರಲ್ಲಿ ಮೀನು ಆಗ್ಲಿಲ್ಲ,” ಎಂದಳು. “ನೀ ಬಂದ್ರೆ ಬೇಕಾತದೆ ಅಂತ ತಂದಿಟ್ಟಿದ್ದೆ.”

ಅನ್ನ, ಹೆಸರುಬೇಳೆಯ ಸಾರು. ಅವಳನ್ನು ನೀರಿಗೆ ಬಿಟ್ಟು ಬಂದವನ ನಿಯಮವನ್ನು ಅವಳು ಗಂಟು ಕಟ್ಟಿ ಹಲಗೆಯ ಮೇಲೆ ಕಾಯ್ದಿದ್ದಳು. ನನ್ನ ಮಟ್ಟಿಗೆ ಹೇಳುತ್ತೇನೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಯಾವ ಪಾತ್ರೆಯಾದರೂ ಆದೀತು ಎಂದೆ. ಅವಳು ಒಪ್ಪಲಿಲ್ಲ. ನೇಮ ನಿನ್ನದು, ಅದನ್ನು ಮುರಿಯುವ ಕೆಲಸ ನನಗೆ ಬೇಡ, ನನ್ನದು ನನಗಿರಲಿ ಎಂದಳು.

ನಮ್ಮವಳು ಹೋದ ಮೇಲೆ ನಾನು ಇರುವುದು ಇವಳ ಮನೆಯಲ್ಲೇ. ಅಳಿಯ ಗೋವಾದಲ್ಲಿ ಕೆಲಸದಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಬುವಾ ಈಗಿಲ್ಲ. ಇಲ್ಲಿ ಯಾರೂ ಯಾರ ಬಾಯಿಯನ್ನೂ ಮೂಸುವುದಿಲ್ಲ. ಮೀನಿದ್ದ ದಿನ ನನಗೆ ಮೊದಲೇ ಬಡಿಸುತ್ತಾಳೆ. ನಾನು ಉಂಡು ಜಗಲಿಗೆ ಬಂದ ಮೇಲೆ ಅವಳು ಕೂರುತ್ತಾಳೆ. ಇಷ್ಟು ವರ್ಷ ಹಾಗೇ ನಡೆದು ಬಂದಿದೆ, ಇಬ್ಬರಿಗೂ ಅನುಕೂಲವೆಂದೇ ತಿಳಿದಿದ್ದೆ. ಇವತ್ತು ಇಷ್ಟೆಲ್ಲ ನೆನಪಾದ ಮೇಲೆ ಜಗಲಿಯಲ್ಲಿ ಕೂತಿರಲು ಮನಸ್ಸಾಗಲಿಲ್ಲ. ಎದ್ದು ಒಳಗೆ ಹೋದೆ. ಅವಳು ಒಬ್ಬಳೇ ಊಟಕ್ಕೆ ಕೂತಿದ್ದಳು. ಎದುರಿನ ಕುರ್ಚಿ ಎಳೆದುಕೊಂಡೆ.

“ಎಂತಾ ಅಪ್ಪಾ, ಉಂಡಿದ್ದು ಸಾಕಾಗ್ಲಿಲ್ವಾ?” ಎಂದಳು.

ಸುಮ್ಮನೆ ಕೂತೆ ಎಂದೆ. ಅವಳು ಬಂಗಡೆಯನ್ನು ಬೆನ್ನಿನುದ್ದಕ್ಕೂ ಬಿಡಿಸಿದಳು. ನನ್ನ ಮಗಳು ಮೀನು ತಿನ್ನುವುದನ್ನು ನಾನು ಮೊದಲ ಬಾರಿಗೆ ನೋಡುತ್ತಿದ್ದೆ. ನೋಡುತ್ತ ನೋಡುತ್ತ ನನ್ನ ಬಾಯಿಂದ ಮಾತು ಹೊರಟೇಹೋಯಿತು:

“ಮುಳ್ಳು ನೋಡ್ಕಂಡು ತಿನ್ನು ತಂಗಿ.”

ನಮ್ಮ ಕರಾವಳಿಯಲ್ಲಿ ಮಕ್ಕಳ ಪಕ್ಕ ಕೂತು ಈ ಮಾತು ಹೇಳದ ಅಪ್ಪ ಇರಲಾರ. ಕೂದಲು ನೆರೆಯತೊಡಗಿದ ಮಗಳಿಗೆ ನಾನು ಈಗ ಹೇಳಿದ್ದೆ. ಅವಳ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ತಲೆ ಎತ್ತಲಿಲ್ಲ. ಹೂಂ ಎಂದಳು. ಆಮೇಲೆ ಸಣ್ಣದೊಂದು ಮುಳ್ಳನ್ನು ಹುಡುಕಿ ತೆಗೆದು, ನನಗೆ ಕಾಣುವ ಹಾಗೆ ತಟ್ಟೆಯ ಅಂಚಿಗೆ ಇಟ್ಟಳು.