ಕಣ್ಣು ಮುಚ್ಚಿ ಆಡುವ ಆಟ

ಕೊರೊನಾ ಕಳೆದು ತರಗತಿಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷ. ನಾನು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಕಂಪ್ಯೂಟರ್ ಕೊಠಡಿಯೂ ನನ್ನ ಪಾಲಿಗೇ ಬಂದಿತ್ತು. ಪ್ರೌಢಶಾಲೆ ಮಕ್ಕಳಿಗೆ ಕೋಲಾರದಲ್ಲಿ ಕಂಪ್ಯೂಟರ್ ಗೇಮ್ ವಿನ್ಯಾಸ ಸ್ಪರ್ಧೆ ಎಂದು ಸುತ್ತೋಲೆ ಬಂದಾಗ ಒಂಬತ್ತನೇ ತರಗತಿಯ ನಾಗವೇಣಿ, ಸುಕನ್ಯಾ ಒಟ್ಟಿಗೆ ಹೆಸರು ಕೊಟ್ಟರು. ಸುಕನ್ಯಾಳಿಗೆ ಹುಟ್ಟಿನಿಂದಲೂ ಕಣ್ಣು ಕಾಣಿಸದು.

ಆಟ ಅವಳದೇ ಕಲ್ಪನೆ. ಮಾವಿನ ತೋಪಿಗೆ ಕೋತಿಗಳು ನುಗ್ಗುತ್ತವೆ. ಎಲೆಯ ಸದ್ದು ಯಾವ ಕಿವಿಗೆ ಕೇಳುತ್ತದೋ ಆ ಕಡೆಯ ಕೀ ಒತ್ತಿ ಓಡಿಸಬೇಕು. ಕೋತಿ ಹತ್ತಿರ ಬಂದರೆ ಒಬ್ಬ ಅಜ್ಜಿ ತೆಲುಗಿನಲ್ಲಿ ಕೂಗಿ ಎಚ್ಚರಿಸುತ್ತಾಳೆ. ಅದು ನಾಗವೇಣಿಯ ಅಜ್ಜಿಯದೇ ದನಿ; ಆಂಧ್ರದ ಗಡಿಯ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮನೆಮಾತು. ಪರದೆ ಪೂರ್ತಿ ಕಪ್ಪು. ಸೂಚನೆಗಳನ್ನು ಬಣ್ಣದ ತುಂಡುಗಳಂತೆ ಜೋಡಿಸುವ ಉಚಿತ ಸಾಫ್ಟ್‌ವೇರಿನಲ್ಲಿ ನಾಗವೇಣಿ ಕೋಡಿಂಗ್ ಮಾಡಿದಳು. ಕಣ್ಣು ಮುಚ್ಚಿ ಆಡಿದಾಗಲೆಲ್ಲ ನಾನು ಸುಕನ್ಯಾಳಿಗೆ ಸೋತೆ.

ಸ್ಪರ್ಧೆಯ ದಿನ ಬೆಳಿಗ್ಗೆ ಮೈಕಿನಲ್ಲಿ ಹೊಸ ನಿಯಮವೊಂದು ಕೇಳಿಬಂತು: ಆಟದ ಮಾತು ಕನ್ನಡ ಅಥವಾ ಇಂಗ್ಲಿಷಿನಲ್ಲೇ ಇರಬೇಕು. ಸುತ್ತೋಲೆಯಲ್ಲಿ ಇದರ ಸುಳಿವೇ ಇರಲಿಲ್ಲ.

ನಮ್ಮ ಮೇಜಿಗೆ ಬಂದ ತೀರ್ಪುಗಾರರು ಅಜ್ಜಿಯ ಮೊದಲ ಕೂಗಿಗೇ ಕೈ ಎತ್ತಿ ತಡೆದರು. "ತೆಲುಗು ನಡೆಯಲ್ಲಮ್ಮ. ಸೌಂಡ್ ಆಫ್ ಮಾಡಿ ತೋರಿಸಿ."

"ಸೌಂಡ್ ಆಫ್ ಮಾಡಿದ್ರೆ ಆಡೋದು ಹೆಂಗೆ ಸಾರ್?" ಎಂದಳು ಸುಕನ್ಯಾ.

ಅವರೇ ಆಫ್ ಮಾಡಿದರು. ಕಪ್ಪು ಪರದೆ ನೋಡಿ, "ಇದರಲ್ಲಿ ಚಿತ್ರಗಳೇ ಇಲ್ವಲ್ಲ" ಎಂದರು.

ನಾನು ವಿವರಿಸಲು ಹೋದೆ. "ಮೇಡಂ, ಮಕ್ಕಳು ಮಾತಾಡ್ಲಿ" ಎಂದು ನನ್ನ ಬಾಯಿ ಮುಚ್ಚಿಸಿದರು. ಮಕ್ಕಳು ಮಾತಾಡಲು ಹೋದರೆ, "ಟೈಮ್ ಇಲ್ಲ" ಎಂದರು.

"ಸ್ವಲ್ಪ ಹೊತ್ತು ಕೊಡಿ ಸಾರ್, ಕನ್ನಡದಾಗೆ ರೆಕಾರ್ಡ್ ಮಾಡ್ಕೊಂಡು ಬರ್ತೀವಿ," ಎಂದು ನಾಗವೇಣಿ ಅಂಗಲಾಚಿದಳು. ಆಗಲಿ ಎಂಬಂತೆ ಅವರು ತಲೆಯಾಡಿಸಿದರು. ಮೆಟ್ಟಿಲ ಕೆಳಗೆ ನಿಂತು, ನನ್ನ ಫೋನಿನಲ್ಲಿ, ಸುಕನ್ಯಾಳೇ ಅಜ್ಜಿಯಾಗಿ ಕೂಗಿದಳು. ನಾವು ವಾಪಸ್ ಬರುವಷ್ಟರಲ್ಲಿ ನಮ್ಮ ಮೇಜು ಬೇರೆ ಶಾಲೆಯ ಪಾಲಾಗಿತ್ತು. ಆಯೋಜಕರ ಬಳಿ ಜಗಳಕ್ಕೇ ನಿಂತೆ. "ಮುಂದಿನ ವರ್ಷ ನೋಡೋಣ ಬಿಡಿ ಮೇಡಂ," ಎಂದು ಅವರು ಬಹುಮಾನದ ವೇದಿಕೆಯತ್ತ ಹೊರಟುಬಿಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾಗವೇಣಿ ಕಿಟಕಿಯತ್ತ ಮುಖ ತಿರುಗಿಸಿ ಅಳುತ್ತಿದ್ದಳು. ಸುಕನ್ಯಾ ನನ್ನ ಕೈ ಹಿಡಿದು ಕೇಳಿದಳು: "ಮಿಸ್, ಅವ್ರು ಒಂದ್ಸಲಾನೂ ಕಣ್ಣು ಮುಚ್ಕೊಂಡು ನೋಡ್ಲಿಲ್ವಾ?"

"ಇಲ್ಲ ಕಣೇ" ಎಂದೆ.

ಮರುವರ್ಷ ಸ್ಪರ್ಧೆಯೇ ನಡೆಯಲಿಲ್ಲ. ಅದರ ಮುಂದಿನ ವರ್ಷ ನಡೆಯಿತು. ಪೂರ್ವಸಿದ್ಧತಾ ಸಭೆಗೆ ಕರೆಯದಿದ್ದರೂ ಹೋಗಿ ಕುಳಿತೆ. ಭಾಷೆಯ ನಿಯಮ ತೆಗೆಸಿ, 'ಮಕ್ಕಳು ಹೇಳಿದ ರೀತಿಯಲ್ಲೇ ಆಟ ಆಡಿ ನೋಡತಕ್ಕದ್ದು' ಎಂಬ ಸಾಲು ಸೇರಿಸುವವರೆಗೂ ಏಳಲಿಲ್ಲ. ಅಷ್ಟರಲ್ಲಿ ನನ್ನ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಆ ಸಾಲು ಅವರ ಉಪಯೋಗಕ್ಕೆ ಬರಲಿಲ್ಲ. ಮಕ್ಕಳ ಪರ ಜಗಳ ಆಡುವುದಿದ್ದರೆ ಅದು ನಿಯಮ ಬರೆಯುವ ದಿನವೇ ಆಗಬೇಕು. ಸ್ಪರ್ಧೆಯ ದಿನ ಆಡಿದ ಜಗಳದಿಂದ ನಮ್ಮ ಸಿಟ್ಟು ತೀರಬಹುದು, ಅಷ್ಟೇ.