ಲಾಕರ್‌ನಲ್ಲಿದ್ದ ಬ್ಯಾಕಪ್

2023ರ ಮಾರ್ಚ್. ಶಿವಮೊಗ್ಗದ ಒಂದು ದಿನಪತ್ರಿಕೆಯ ಸಿಸ್ಟಮ್ಸ್ ವಿಭಾಗದಿಂದ ನಿವೃತ್ತಳಾಗಿ ವರ್ಷವಾಗಿತ್ತು. ರಾಗಿಗುಡ್ಡದ ಮನೆಯಿಂದಲೇ ಸಣ್ಣ ಅಂಗಡಿಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ಹಚ್ಚಿಕೊಂಡಿದ್ದೆ. ಪುಟಗಳು ಗೊತ್ತಾದ ಹೊತ್ತಿಗೆ ಮುದ್ರಣಕ್ಕೆ ಹೋಗಲೇಬೇಕಾದ ಕಡೆ ದುಡಿದವರಿಗೆ ಒಂದು ಸ್ವಭಾವ ಅಂಟಿಕೊಳ್ಳುತ್ತದೆ. ಯಾರಾದರೂ "ಆಗಿದೆ" ಎಂದರೆ "ತೋರಿಸಿ" ಎನ್ನುವುದು. ಹೊಸ ಕಸುಬಿನಲ್ಲಿ ಈ ಒಂದು ಮಾತಿನಿಂದ ನಾನು ಪಟ್ಟ ಪಾಡು ಪತ್ರಿಕೆಯಲ್ಲಿ ಎಂದೂ ಪಟ್ಟಿರಲಿಲ್ಲ.

ಕೋಟೆ ಪ್ರದೇಶದಲ್ಲಿ ಶಾಲಾ ಸಮವಸ್ತ್ರದ ಅಂಗಡಿ ಇಟ್ಟಿದ್ದ ರುದ್ರಪ್ಪ ನನ್ನನ್ನು ಕರೆಸಿಕೊಂಡರು. ಭದ್ರಾವತಿಯಲ್ಲಿ ಅವರದೇ ಇನ್ನೊಂದು ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವರು ತಂಗಿ ಸುಜಾತ. ಈ ವ್ಯಾಪಾರದ ಜೀವ ಇರುವುದು ಅಳತೆಯಲ್ಲಿ. ಬೇಸಿಗೆ ರಜೆಗೆ ಮುಂಚೆ ಶಾಲೆಗಳಿಗೆ ಹೋಗಿ ಪ್ರತಿ ಮಗುವಿನ ಎದೆ, ಸೊಂಟ, ಉದ್ದ ಅಳೆಯಬೇಕು. ರಜೆಯಲ್ಲಿ ಬಟ್ಟೆ ಕತ್ತರಿಸಿ ಹೊಲಿಸಬೇಕು. ಶಾಲೆ ತೆರೆಯುವ ದಿನ ಮಕ್ಕಳ ಮೈಮೇಲೆ ಬಟ್ಟೆ ಇರಬೇಕು.

ಹಿಂದಿನ ವರ್ಷದವರೆಗೆ ಎರಡೂ ಊರಿನ ಅಳತೆ ಕೋಟೆಯ ಒಂದೇ ಕಂಪ್ಯೂಟರಿನಲ್ಲಿತ್ತು. ಆ ವರ್ಷ ಸುಜಾತ ಹಟ ಹಿಡಿದು ಭದ್ರಾವತಿಗೆ ಬೇರೆ ಕಂಪ್ಯೂಟರ್ ತಂದಿದ್ದರು. ಅದಕ್ಕೆ ಕಾರಣವಿತ್ತು. ಭದ್ರಾವತಿ ಅಂಗಡಿ ಮುಚ್ಚಿಬಿಡೋಣ ಎಂದು ಅಣ್ಣ ಎರಡು ವರ್ಷದಿಂದ ಹೇಳುತ್ತಿದ್ದರು. ಕಾರ್ಖಾನೆ ಬಡಾವಣೆಯ ಒಂದು ದೊಡ್ಡ ಶಾಲೆಯನ್ನು ಒಪ್ಪಿಸಿಕೊಂಡು ಬಂದಿದ್ದ ಸುಜಾತ, "ಈ ವರ್ಷ ಒಂದು ನೋಡು ಅಣ್ಣ, ಆಮೇಲೆ ಬೇಕಾದ್ರೆ ಮುಚ್ಚು" ಎಂದಿದ್ದರು.

ನಾನು ಮೊದಲು ಕೇಳಿದ್ದು ಬ್ಯಾಕಪ್ ಬಗ್ಗೆ. ಕಂಪ್ಯೂಟರ್ ಕೆಟ್ಟರೂ ಮಾಹಿತಿ ಉಳಿಯುವಂತೆ ಬೇರೆ ಡಿಸ್ಕಿನಲ್ಲಿ ಆಗಾಗ ತೆಗೆದಿಡುವ ಪ್ರತಿಗೆ ಹಾಗೆನ್ನುತ್ತಾರೆ.

"ಇದೆ ಮೇಡಮ್. ಅದೊಂದ್ರಲ್ಲಿ ನಾವು ಪಕ್ಕಾ" ಎಂದರು ರುದ್ರಪ್ಪ.

"ತೋರಿಸಿ."

"ಇಲ್ಲಿಲ್ಲ. ಬ್ಯಾಂಕ್ ಲಾಕರ್‌ನಲ್ಲಿದೆ. ನಮ್ಮನೆಯವರ ಸರದ ಜೊತೆಗೇ ಇಟ್ಟಿದ್ದೀನಿ."

ಹಿಂದಿನ ಆಯುಧಪೂಜೆಗೆ ಮುಂಚೆ, ಕಂಪ್ಯೂಟರ್ ಮಾರಿದವನು ಒಂದು ಪ್ರತಿ ತೆಗೆದು ಕೊಟ್ಟಿದ್ದನಂತೆ. ಪೂಜೆ ಮುಗಿದ ಮೇಲೆ ಡಿಸ್ಕನ್ನು ಒಯ್ದು ಲಾಕರಿಗೆ ಹಾಕಿದವರು ಮತ್ತೆ ಮುಟ್ಟಿರಲಿಲ್ಲ. ಆಮೇಲಿನದು ಯಾವುದೂ ಅದರಲ್ಲಿ ಇರುವುದಿಲ್ಲ ಎಂದು ನಾನು ವಿವರಿಸಿದೆ.

"ಚಿನ್ನ ಲಾಕರ್‌ನಲ್ಲಿಟ್ರೆ ಹಾಗೇ ಇರತ್ತಲ್ಲ ಮೇಡಮ್?"

"ಹಾಗೇ ಇರುತ್ತದೆ. ಅದೇ ತೊಂದರೆ."

ಅವರಿಗೆ ನಗು ಬಂತು. ನನಗೆ ಬರಲಿಲ್ಲ.

ಎರಡೂ ಅಂಗಡಿಗಳಿಗೆ ಹೊಸ ಯುಪಿಎಸ್ ಹಾಕಿಸಿದೆ. ಎರಡೂ ಕಡೆ ಒಂದೊಂದು ಡಿಸ್ಕ್ ಜೋಡಿಸಿ, ಆ ದಿನದವರೆಗಿನ ಮಾಹಿತಿಯ ಪ್ರತಿಯನ್ನು ನಾನೇ ತೆಗೆದೆ. ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಹತ್ತಕ್ಕೆ, ಹೊಸ ಪ್ರತಿ ತಾನಾಗಿ ತಯಾರಾಗಿ ನನಗೊಂದು ಇ-ಮೇಲ್ ಬರುವಂತೆ ಮಾಡಿದೆ. "ಕಂಪ್ಯೂಟರ್ ಆಫ್ ಮಾಡಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ಪರದೆಯ ಪಕ್ಕದಲ್ಲಿ ಅಂಟಿಸಿದೆ.

ಮೊದಲ ದಿನ ಮೇಲ್ ಬರಲಿಲ್ಲ. ಎರಡನೆಯ ದಿನವೂ ಇಲ್ಲ, ಆ ವಾರವಿಡೀ ಇಲ್ಲ. ಫೋನ್ ಮಾಡಿದರೆ ಎರಡೂ ಕಡೆಯಿಂದ ಒಂದೇ ಉತ್ತರ: "ಇಲ್ಲ ಮೇಡಮ್, ಆಫ್ ಮಾಡೇ ಇಲ್ಲ."

ಕೊನೆಗೆ ಅಂಗಡಿ ಮುಚ್ಚುವ ಹೊತ್ತಿಗೆ ಕೋಟೆಗೇ ಹೋಗಿ ನಿಂತೆ. ರುದ್ರಪ್ಪ ನಿಜವೇ ಹೇಳಿದ್ದರು. ಕಂಪ್ಯೂಟರನ್ನು ಅವರು ಮುಟ್ಟಲಿಲ್ಲ. ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದರು, ದೇವರ ಪಟಕ್ಕೆ ಕೈ ಮುಗಿದರು, ಸ್ಟೂಲ್ ಹತ್ತಿ ಮೇನ್ ಸ್ವಿಚ್ ಇಳಿಸಿದರು. ಇಡೀ ಅಂಗಡಿ ಕತ್ತಲಾಯಿತು. ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಅದರ ಬಟನ್ನನ್ನೂ ಒತ್ತಿ ಬಾಯಿ ಮುಚ್ಚಿಸಿದರು.

"ಇದೇನು ಮಾಡಿದಿರಿ?"

"ಇದಾ? ಇದು ಮೇನ್ ಸ್ವಿಚ್ ಅಲ್ವಾ ಮೇಡಮ್. ಕಂಪ್ಯೂಟರ್ ಎಲ್ಲಿ ಆಫ್ ಮಾಡ್ದೆ?"

ಅವರ ತಂದೆಯ ಕಾಲದಲ್ಲಿ ಅದೇ ಬೀದಿಯ ಒಂದು ಬಟ್ಟೆ ಅಂಗಡಿ ಶಾರ್ಟ್ ಸರ್ಕ್ಯೂಟ್‌ನಿಂದ ಸುಟ್ಟುಹೋಗಿತ್ತಂತೆ. ಅಂದಿನಿಂದ ಮೇನ್ ಇಳಿಸದೆ ಬೀಗ ಹಾಕುವುದು ಆ ಮನೆಯಲ್ಲಿ ಇಲ್ಲ. ಭಯ ಸಕಾರಣವೇ. ಕಂಪ್ಯೂಟರಿಗೆ ಮಾತ್ರ ಬೇರೆ ಲೈನ್ ಎಳೆಸೋಣ ಎಂದೆ. "ಬೇರೆ ಲೈನಾದ್ರೂ ಕರೆಂಟ್ ಕರೆಂಟೇ ಅಲ್ವಾ" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಸರಿ, ಮಧ್ಯಾಹ್ನ ಎರಡಕ್ಕೆ ಬದಲಿಸಿದೆ. ಕೋಟೆಯಿಂದ ಮೇಲ್ ಬರತೊಡಗಿತು. ಭದ್ರಾವತಿಯಿಂದ ಬರಲಿಲ್ಲ. ವಿಚಾರಿಸಿದರೆ ಸುಜಾತ ಊಟಕ್ಕೆ ಮನೆಗೆ ಹೋಗುವಾಗ ಅಂಗಡಿ ಮುಚ್ಚುತ್ತಾರೆ, ಮುಚ್ಚುವಾಗ ಮೇನ್ ಇಳಿಸುತ್ತಾರೆ. ತಂದೆಯ ಪಾಠ ತಂಗಿಗೂ ಆಗಿತ್ತು. ನಾನೇ ಬಂದು ಸರಿ ಮಾಡುತ್ತೇನೆ ಎಂದರೆ, "ದೊಡ್ಡ ಶಾಲೆ ಅಳತೆ ನಡೀತಿದೆ ಮೇಡಮ್, ಉಸಿರಾಡಕ್ಕೂ ಪುರಸೊತ್ತಿಲ್ಲ. ಇದೊಂದು ಮುಗೀಲಿ, ಬನ್ನಿ" ಎಂದರು. ಹೋಗಲಿ, ಕರೆಂಟ್ ಏರುಪೇರಿಗೆ ಸಿಗದಂತೆ ಡಿಸ್ಕನ್ನಾದರೂ ಬಿಚ್ಚಿಡಿ ಎಂದೆ. "ಬಿಚ್ಚಿದ್ರೆ ಮತ್ತೆ ಹಾಕಕ್ಕೆ ನನಗೆ ಬರಲ್ಲ" ಎಂದರು.

ಏಪ್ರಿಲ್‌ನಲ್ಲಿ, ಫಲಿತಾಂಶದ ದಿನ ಶಾಲೆಗೆ ಬಂದ ಮಕ್ಕಳನ್ನೆಲ್ಲ ನಿಲ್ಲಿಸಿ ಅಳತೆ ಮುಗಿಸಿದರು. ಚೀಟಿಗಳಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ಏರಿಸಿ ಚೀಟಿಗಳನ್ನು ಹರಿದು ಹಾಕಿದರು. ಮಕ್ಕಳು ರಜೆಗೆಂದು ಅಜ್ಜಿ ಊರುಗಳಿಗೆ ಚೆದುರಿಹೋದರು. ತಮಿಳುನಾಡಿಗೆ, ಆಂಧ್ರಕ್ಕೆ ಹೋದವರೂ ಇದ್ದರು.

ಇದಾದ ಕೆಲವೇ ದಿನಕ್ಕೆ ಒಂದು ಸಂಜೆ ಗುಡುಗು ಸಿಡಿಲು. ಅಂಗಡಿ ತೆರೆದಿತ್ತು, ಮೇನ್ ಮೇಲಿತ್ತು. ಭದ್ರಾವತಿಯ ಕಂಪ್ಯೂಟರ್, ಯುಪಿಎಸ್ ಮತ್ತು ಜೋಡಿಸಿಯೇ ಇದ್ದ ಡಿಸ್ಕ್ ಮೂರೂ ಒಂದೇ ಏಟಿಗೆ ಸತ್ತವು. ನಾನು ಬಸ್ ಹಿಡಿದು ಹೋದಾಗ ಸುಜಾತ ಕೌಂಟರ್ ಹಿಂದೆ ಸುಮ್ಮನೆ ಕೂತಿದ್ದರು. ರುದ್ರಪ್ಪ ಮುಂಚೆಯೇ ಬಂದಿದ್ದರು.

"ಮೇನ್ ಇಳಿಸಿದ್ದಿದ್ರೆ ಏನೂ ಆಗ್ತಿರಲಿಲ್ಲ ನೋಡಿ ಮೇಡಮ್" ಎಂಬುದು ಅವರ ಮೊದಲ ಮಾತು.

ಅದು ನಿಜ. ನಿಜವಾದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಸುಟ್ಟ ಡಿಸ್ಕಿನಿಂದ ಮಾಹಿತಿ ತೆಗೆಯುವ ಬೆಂಗಳೂರಿನವರು ವಾರಗಟ್ಟಲೆ ಹಿಡಿಯುತ್ತದೆ, ಸಿಗುವ ಖಾತ್ರಿಯೂ ಇಲ್ಲ ಎಂದರು. ಮಿಕ್ಕ ಶಾಲೆಗಳ ಪಟ್ಟಿಗಳು ಮುದ್ರಣವಾಗಿ ಹೊಲಿಯುವವರ ಕೈ ಸೇರಿದ್ದವು. ದೊಡ್ಡ ಶಾಲೆಯದು ಮಾತ್ರ ಎಲ್ಲೂ ಇರಲಿಲ್ಲ. ನಾನು ಮೊದಲ ದಿನ ತೆಗೆದಿದ್ದ ಪ್ರತಿ ಸುಟ್ಟ ಡಿಸ್ಕಿನಲ್ಲೇ ಇತ್ತು, ಉಳಿದಿದ್ದರೂ ಅದು ಈ ಅಳತೆಗಿಂತ ಹಿಂದಿನದು.

"ಮೊದಲನೇ ದಿನ ಮಕ್ಕಳು ಹಳೇ ಬಟ್ಟೇಲಿ ಬಂದ್ರೆ ಮುಂದಿನ ವರ್ಷ ಬೇರೆಯವ್ರಿಗೆ ಕೊಡ್ತೀನಿ ಅಂದಿದ್ದಾರೆ ಹೆಡ್ ಮೇಡಮ್ಮು" ಎಂದರು ಸುಜಾತ. ಅಣ್ಣನ ಕಡೆ ನೋಡದೆ, "ಇನ್ನು ನೀನು ಬಾಗಿಲು ಹಾಕ್ಬಹುದು" ಎಂದು ಸೇರಿಸಿದರು.

"ನಾನೆಲ್ಲಿ ಹಾಗಂದೆ ಮಾರಾಯ್ತಿ?"

"ಎರಡು ವರ್ಷದಿಂದ ಇನ್ನೇನಂದೆ?"

ಆ ಮಕ್ಕಳ ಅಳತೆ ಈ ಹಿಂದೆ ಎಂದಾದರೂ ತೆಗೆದದ್ದಿದೆಯೇ ಎಂದು ನಾನು ಕೇಳಿದೆ. ಇತ್ತು. ಹಿಂದಿನ ವರ್ಷ ಬಟ್ಟೆಯ ಆರ್ಡರ್ ಬೇರೆಯವರಿಗೆ ಹೋಗಿತ್ತಾದರೂ, ಆ ಶಾಲೆಯ ಎಲ್ಲ ಮಕ್ಕಳಿಗೂ ಸ್ವೆಟರ್ ಮತ್ತು ಕ್ರೀಡಾ ಉಡುಪು ಕೊಟ್ಟವರು ಇವರೇ. ಅಳತೆ ಕೋಟೆಯ ಕಂಪ್ಯೂಟರಿನಲ್ಲಿತ್ತು. ಹೊಸ ವರ್ಷಕ್ಕೆ ಜಾಗ ಬೇಕೆಂದು ರುದ್ರಪ್ಪ ಅದನ್ನು ಜನವರಿಯಲ್ಲೇ ಅಳಿಸಿದ್ದರು. ಹಾಗಾದರೆ ಅದು ಉಳಿದಿದ್ದು ಒಂದೇ ಕಡೆ. ಅದನ್ನು ಬಾಯಿಬಿಟ್ಟು ಹೇಳುವುದು ನನಗೆ ಎಷ್ಟು ಕಷ್ಟವಾಯಿತೆಂದು ಓದುಗರು ಊಹಿಸಬಹುದು.

"ರುದ್ರಪ್ಪನವರೇ, ಲಾಕರ್ ಕೀ ಎಲ್ಲಿದೆ?"

ಮರುದಿನ ಸರದ ಪೆಟ್ಟಿಗೆಯ ಪಕ್ಕದಿಂದ ಡಿಸ್ಕ್ ಹೊರಬಂತು. ಎಲ್ಲ ಮಕ್ಕಳ ಹೆಸರೂ ಇತ್ತು, ಅಳತೆ ಮಾತ್ರ ವರ್ಷದಷ್ಟು ಹಳೆಯದು. ವರ್ಷದಲ್ಲಿ ಮಗು ಎಷ್ಟು ಬೆಳೆಯುತ್ತದೆ ಎಂಬುದನ್ನು ತಿಳಿಯಲು ಮಿಕ್ಕ ಶಾಲೆಗಳ ನೆರವು ಪಡೆದೆವು. ಅವುಗಳ ಹಳೆಯ ಅಳತೆ ಲಾಕರಿನ ಡಿಸ್ಕಿನಲ್ಲೂ ಹೊಸ ಅಳತೆ ಮುದ್ರಿತ ಪಟ್ಟಿಗಳಲ್ಲೂ ಇದ್ದವು. ಹೋಲಿಸಿ, ಪ್ರತಿ ತರಗತಿಯ ಹುಡುಗ ಹುಡುಗಿಯರ ಸರಾಸರಿ ಬೆಳವಣಿಗೆ ತೆಗೆದು, ಅಷ್ಟನ್ನು ದೊಡ್ಡ ಶಾಲೆಯ ಹಳೆಯ ಅಳತೆಗೆ ಕೂಡಿಸಿದೆ. ಸುಜಾತ ಅದರ ಮೇಲೆ ಇನ್ನೊಂದಿಷ್ಟು ಏರಿಸಿದರು.

"ಉದ್ದ ಆದ್ರೆ ಮಡಚಿ ಹೊಲೀಬಹುದು ಮೇಡಮ್. ಗಿಡ್ಡ ಆದ್ರೆ ನನ್ನ ತಲೆ ಹೊಲೀಬೇಕಷ್ಟೆ."

ಶಾಲೆ ತೆರೆದ ದಿನ ಎಲ್ಲರಿಗೂ ಹೊಸ ಬಟ್ಟೆ ಇತ್ತು. ಎಲ್ಲರಿಗೂ ಸರಿಯಾಗಿತ್ತು ಎಂದು ನಾನು ಬರೆಯಲಾರೆ. ಅಂಗಿಯ ತೋಳು ಬೆರಳು ದಾಟಿದ ಹುಡುಗರಿದ್ದರು. ರಜೆಯಲ್ಲಿ ನಮ್ಮ ಸರಾಸರಿಯನ್ನೆಲ್ಲ ಸುಳ್ಳು ಮಾಡಿ ಬೆಳೆದು ಬಂದ ಏಳನೆಯ ತರಗತಿಯ ಹುಡುಗಿಯರಿದ್ದರು. ಸುಜಾತ ಗೇಟಿನ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಮೂರು ದಿನ ಅಲ್ಲೇ ಕೂತು ಸರಿಪಡಿಸಿ ಕೊಟ್ಟರು. ಒಬ್ಬ ತಾಯಿ ಮಗನ ಜೋತಾಡುವ ಪ್ಯಾಂಟ್ ನೋಡಿ, "ಪರವಾಗಿಲ್ಲಮ್ಮಾ, ಬಿಡು. ಮುಂದಿನ ವರ್ಷಕ್ಕೂ ಇದೇ ಆಗತ್ತೆ" ಎಂದು ಹೊರಟರು. "ಅಯ್ಯೋ, ಹಾಗಾದ್ರೆ ನಮ್ಮ ವ್ಯಾಪಾರ ಏನಾಗ್ಬೇಕಕ್ಕಾ?" ಎಂದು ಸುಜಾತ ಆಕೆಯನ್ನು ತಡೆದು ಕೂರಿಸಿದರು.

ಮೂರನೆಯ ಸಂಜೆ ಮುಖ್ಯೋಪಾಧ್ಯಾಯಿನಿ ಗೇಟಿಗೆ ಬಂದು ಸ್ವಲ್ಪ ಹೊತ್ತು ನೋಡಿದರು. "ಮುಂದಿನ ವರ್ಷ ಮಾರ್ಚಲ್ಲೇ ಬಂದು ಅಳತೆ ತಗೊಳ್ಳಿ. ಇಷ್ಟು ತಡ ಮಾಡ್ಬೇಡಿ" ಎಂದು ಒಳಗೆ ಹೋದರು. ಸುಜಾತ ಪೆಡಲ್ ನಿಲ್ಲಿಸಲಿಲ್ಲ, ಕಣ್ಣು ಮಾತ್ರ ಒರೆಸಿಕೊಂಡರು. ಭದ್ರಾವತಿ ಅಂಗಡಿ ಮುಚ್ಚುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೆ ನೆಮ್ಮದಿಯಿರುತ್ತಿತ್ತು. ಆ ವಾರವೇ ರುದ್ರಪ್ಪ ಹೊಸ ಡಿಸ್ಕ್ ಒಂದನ್ನು ಹಿಡಿದು ಬ್ಯಾಂಕಿಗೆ ಹೊರಟಿದ್ದರು.

"ನೋಡಿದ್ರಾ ಮೇಡಮ್? ನೀವು ಬೈದ್ರಿ. ಕೊನೆಗೆ ಕಾಪಾಡಿದ್ದು ಲಾಕರ್ರೇ."

ಭದ್ರಾವತಿಯಲ್ಲಿ ದಿನವೂ ಪ್ರತಿ ತೆಗೆದಿದ್ದರೆ ಲಾಕರಿನ ತನಕ ಹೋಗುವ ಗತಿಯೇ ಬರುತ್ತಿರಲಿಲ್ಲ ಎಂದು ಹೇಳಿದೆ. ಎಷ್ಟು ಬಗೆಯಲ್ಲಿ ಹೇಳಿದೆನೋ ನೆನಪಿಲ್ಲ. ಇಡೀ ಬೀದಿಗೆ ಅವರು ಲಾಕರಿನ ಮಹಿಮೆ ಸಾರಿಯಾಗಿತ್ತು. ಪಕ್ಕದ ಪಾತ್ರೆ ಅಂಗಡಿಯವರೂ ಒಂದು ಡಿಸ್ಕ್ ಒಯ್ದು ಲಾಕರಿಗೆ ಹಾಕಿದರಂತೆ.

ಭದ್ರಾವತಿಯಲ್ಲಿ ದಾರಿ ಸಿಕ್ಕಿತು. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಆ ಅಂಗಡಿಯಲ್ಲಿ ಕೊಡುಕೊಳ್ಳುವುದಿಲ್ಲ, ಗಿರಾಕಿಗಳೂ ಕಾಯುತ್ತಾರೆ. ಆಗ ಡಿಸ್ಕ್ ಜೋಡಿಸಿ ಹೇಗೆ ಪ್ರತಿ ತೆಗೆಯುವುದು, ಮುಗಿದ ಮೇಲೆ ಹೇಗೆ ಬಿಚ್ಚುವುದು ಎಂದು ಸುಜಾತಗೆ ಕಲಿಸಿದೆ. ಬಿಚ್ಚಿದ್ದು ಅವರ ಚೀಲದಲ್ಲಿ ಮನೆಗೆ ಹೋಗುತ್ತದೆ. ಅಂದಿನಿಂದ ಒಂದು ಸಂಜೆಯೂ ತಪ್ಪಿಲ್ಲ. ತಪ್ಪಿಲ್ಲ ಎಂದು ನಂಬಿ ಬರೆಯುತ್ತಿಲ್ಲ, ನೋಡಿ ಬರೆಯುತ್ತಿದ್ದೇನೆ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ತಪ್ಪು ಪದ್ಧತಿ ಕೈಕೊಟ್ಟರೆ ಜನ ಅದನ್ನು ಬಿಡುತ್ತಾರೆ. ಒಮ್ಮೆ ಕೈಹಿಡಿದರೆ ಅದನ್ನು ಬಿಡಿಸುವುದು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ರುದ್ರಪ್ಪನವರಿಂದ ಲಾಕರ್ ಬಿಡಿಸುವ ಪ್ರಯತ್ನ ಕೈಬಿಟ್ಟು, ತಿಂಗಳಿಗೊಮ್ಮೆ ಡಿಸ್ಕ್ ಬದಲಿಸುವಂತೆ ಒಪ್ಪಿಸಿದ್ದೇನೆ. ಒಪ್ಪಿದ್ದು ಬಾಯಲ್ಲಿ. ಆದ್ದರಿಂದ ತಿಂಗಳ ಮೊದಲ ಸೋಮವಾರ ಕೋಟೆಗೆ ಹೋಗುತ್ತೇನೆ.

"ಬದಲಿಸಿದಿರಾ?"

"ಅದು ಅಲ್ಲೇ ಇದೆ ಮೇಡಮ್, ಎಲ್ಲಿಗೆ ಹೋಗತ್ತೆ?"

ನಾನು "ತೋರಿಸಿ" ಎನ್ನುತ್ತೇನೆ. ಬ್ಯಾಂಕಿಗೆ ಹೊರಡಲು ಅವರು ಸ್ಕೂಟರ್ ಕೀ ಹುಡುಕುವ ತನಕ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.