ಹರಳಿನೊಳಗಿನ ನೀರು

ಸಿದ್ದಾಪುರದ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದ ಸರ್, ಲ್ಯಾಬಿನಲ್ಲಿ ಮೇಜಿನಿಂದ ಮೇಜಿಗೆ ಬಂದು, ಕನ್ನಡಕ ಹಣೆಗೇರಿಸಿ, "ಎಂತ ಬಂತು?" ಎಂದು ಕೇಳುತ್ತಿದ್ದರು.

ಆಕ್ಸಾಲಿಕ್ ಆಮ್ಲದ ಪ್ರಯೋಗದ ದಿನ ನಾವೆಲ್ಲ "ಇಪ್ಪತ್ತು ಎಂಎಲ್ ಸರ್" ಎಂದೆವು. ಇಪ್ಪತ್ತೇ ಬರಬೇಕೆಂದು ಹಿಂದಿನ ಬ್ಯಾಚಿನವರು ವಾಟ್ಸಾಪಿನಲ್ಲಿ ಹೇಳಿಟ್ಟಿದ್ದರು. ಸರ್ ಖುಷಿಯಿಂದ ಸಹಿ ಹಾಕುತ್ತ ಬಂದರು. ನಿಲ್ಕುಂದದಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಮಾತ್ರ "ಹದಿನಾಲ್ಕು" ಎಂದಳು.

"ಹದಿನಾಲ್ಕು ಹ್ಯಾಂಗೆ ಬರ್ತದೆ ಮಾರಾಯ್ತಿ? ಮತ್ತೊಂದ್ಸಲ ಮಾಡು."

ಮತ್ತೊಂದು ಸಲವೂ ಹದಿನಾಲ್ಕೇ. ನಾವು ನಕ್ಕೆವು. ಅವಳ ಕಣ್ಣು ತುಂಬಿತು. ಸರ್ ತಾವೇ ಬ್ಯೂರೆಟ್ಟು ಹಿಡಿದು ಅವಳ ಫ್ಲಾಸ್ಕಿನ ಆಮ್ಲಕ್ಕೆ ನೇರಳೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರು. ಹದಿನಾಲ್ಕಕ್ಕೇ ಫ್ಲಾಸ್ಕು ಗುಲಾಬಿ ಬಣ್ಣಕ್ಕೆ ತಿರುಗಿತು.

ನಮಗೆಲ್ಲ ಕೊಟ್ಟ ಆಮ್ಲದ ದ್ರಾವಣವನ್ನು ಬೆಳಿಗ್ಗೆ ಅವರೇ ತಯಾರಿಸಿದ್ದರು. ಅದರ ಮೋಲಾರಿಟಿ ಲೆಕ್ಕ ಇನ್ನೂ ಬೋರ್ಡಿನ ಮೇಲಿತ್ತು. ಹೋಗಿ, ಮೋಲಾರ್ ರಾಶಿ ತೊಂಬತ್ತು ಎಂದಿದ್ದದ್ದನ್ನು ಹೊಡೆದು ನೂರಿಪ್ಪತ್ತಾರು ಎಂದು ಬರೆದರು.

"ಹರಳಿನೊಳಗಿನ ನೀರನ್ನ ಲೆಕ್ಕಕ್ಕೆ ಹಿಡೀಲಿಲ್ಲ. ಕಡಿಮೆ ತೂಗಿಬಿಟ್ಟೆ," ಎಂದರು, ಸೀಮೆಸುಣ್ಣವನ್ನೇ ನೋಡುತ್ತ. "ತಪ್ಪು ನಂದು. ನಿಂದು ಸರಿ ಇತ್ತು ತಂಗಿ."

ಆಮೇಲೆ ನಮ್ಮ ಕಡೆ ತಿರುಗಿದರು. ಕನ್ನಡಕ ಹಣೆಗೇರಿತು. ತಪ್ಪು ದ್ರಾವಣದಲ್ಲಿ ಸರಿ ಉತ್ತರ ತೆಗೆದಿದ್ದ ನಾವೆಲ್ಲ ನಮ್ಮ ನಮ್ಮ ಫ್ಲಾಸ್ಕು ನೋಡುತ್ತ ನಿಂತೆವು. ಅವರು ಏನೂ ಕೇಳಲಿಲ್ಲ.

ವರ್ಷ ಮುಗಿಯುವ ತನಕ ಹಾಗೇ ಮೇಜಿನಿಂದ ಮೇಜಿಗೆ ಬರುತ್ತಿದ್ದರು, ನಾವು ಬರೆದದ್ದಕ್ಕೆ ಸುಮ್ಮನೆ ಸಹಿ ಹಾಕಿ ಮುಂದೆ ಹೋಗುತ್ತಿದ್ದರು. "ಎಂತ ಬಂತು?" ಎಂದು ಕೇಳುತ್ತಿದ್ದದ್ದು ಅವಳೊಬ್ಬಳನ್ನೇ.